ಧೂಳಿನ ಮರೆಯಲ್ಲಿ ಬೆಳೆದ ದೈತ್ಯ ಗೆಲಾಕ್ಸಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಶಾಲೆ-ಕಾಲೇಜುಗಳಲ್ಲಿ ಆಕಾಶದ ಬಗ್ಗೆ ಮಾತಾಡಿದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವರು ಮಾತು ಮುಗಿದ ಮೇಲೆ ಹತ್ತಿರ ಬಂದು ಕೇಳುತ್ತಾರೆ. ಕೆಲವರು ಮನೆಗೆ ಹೋಗಿ ಯೋಚಿಸಿ ಕಾಗದ ಬರೆಯುತ್ತಾರೆ, ಇಲ್ಲ ವಾಟ್ಸಾಪ್ ಮಾಡುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿಟ್ಟಿದ್ದೇನೆ. ಮೊದಲಿನವು ಸುಲಭ, ಹೋಗ್ತಾ ಹೋಗ್ತಾ ಕಷ್ಟ. ಎಲ್ಲಿಂದ ಬೇಕಾದರೂ ಓದಬಹುದು.

## ಮೊದಮೊದಲ ಪ್ರಶ್ನೆಗಳು

ಸಾರ್, ಆಕಾಶದಲ್ಲಿ ಧೂಳು ಎಲ್ಲಿಂದ ಬರುತ್ತೆ? ಅಲ್ಲಿ ಮಣ್ಣೂ ಇಲ್ಲ, ಗಾಳೀನೂ ಇಲ್ಲವಲ್ಲ?

ನಕ್ಷತ್ರಗಳಿಂದ ಬರುತ್ತದೆ. ಇಂಗಾಲ, ಆಮ್ಲಜನಕ, ಸಿಲಿಕಾನ್, ಮೆಗ್ನೀಸಿಯಂ, ಕಬ್ಬಿಣ ಇವೆಲ್ಲ ನಕ್ಷತ್ರಗಳಲ್ಲೇ ತಯಾರಾಗುವ ಧಾತುಗಳು. ನಕ್ಷತ್ರಕ್ಕೆ ವಯಸ್ಸಾದಾಗ ಅದರ ಹೊರಪದರ ಉಬ್ಬಿ ಹೊರಗೆ ಹೋಗುತ್ತದೆ. ಕೆಲವು ನಕ್ಷತ್ರಗಳು ಸಿಡಿದೇ ಹೋಗುತ್ತವೆ. ಹಾಗೆ ಹೊರಬಿದ್ದ ಅನಿಲ ತಣ್ಣಗಾದಾಗ ಅದರಲ್ಲಿ ಸಣ್ಣ ಸಣ್ಣ ಕಣಗಳು ಕಟ್ಟಿಕೊಳ್ಳುತ್ತವೆ. ಅದೇ ಈ ಧೂಳು.

ನಮ್ಮ ರಸ್ತೆಯ ಧೂಳಿಗಿಂತ ಇದು ಬಹಳ ನುಣುಪು. ಹೆಚ್ಚಿನ ಕಣಗಳು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ನಕ್ಷತ್ರಗಳ ನಡುವೆ ಇರುವ ಅನಿಲದ ತೂಕಕ್ಕೆ ಹೋಲಿಸಿದರೆ ನಮ್ಮ ಗೆಲಾಕ್ಸಿಯಲ್ಲಿ ಧೂಳಿನ ಪಾಲು ನೂರಕ್ಕೆ ಒಂದರಷ್ಟು. ಆದರೆ ಅಷ್ಟೇ ಸಾಕು. ಬೆಳಕನ್ನು ತಡೆಯುವುದರಲ್ಲಿ ಆ ಒಂದು ಪಾಲಿನದೇ ಕಾರುಬಾರು. ನಂದಿಬೆಟ್ಟದ ಬಂಡೆಯಲ್ಲಿರುವ ಸಿಲಿಕಾನ್ ಕೂಡ ಸೂರ್ಯ ಹುಟ್ಟುವ ಮೊದಲು ಇಂಥ ಧೂಳಿನಲ್ಲಿ ತೇಲಾಡುತ್ತಿತ್ತು.

ಈ ಧೂಳನ್ನ ನಾವು ಕಣ್ಣಾರೆ ನೋಡಬಹುದಾ?

ಖಂಡಿತ ನೋಡಬಹುದು, ಟೆಲಿಸ್ಕೋಪೂ ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ಅಮಾವಾಸ್ಯೆಯ ಹಿಂದುಮುಂದಿನ ಒಂದು ರಾತ್ರಿ, ನಡುರಾತ್ರಿ ಕಳೆದ ಮೇಲೆ, ದೀಪಗಳಿಲ್ಲದ ಹೊಲಕ್ಕೆ ಹೋಗಿ. ಪಾವಗಡ, ಬಾಗೇಪಲ್ಲಿ ಕಡೆ ಅಂಥ ಜಾಗ ಇನ್ನೂ ಇವೆ. ಹದಿನೈದು-ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟಬೇಡಿ. ಆಮೇಲೆ ದಕ್ಷಿಣಕ್ಕೆ, ವೃಶ್ಚಿಕದ ಕೊಂಡಿಯ ಪಕ್ಕಕ್ಕೆ ನೋಡಿ. ಕ್ಷೀರಪಥ ಮಸುಕು ಬಿಳಿ ಪಟ್ಟಿಯಂತೆ ಕಾಣುತ್ತದೆ. ಆ ಪಟ್ಟಿಯ ನಡುವೆ ಉದ್ದಕ್ಕೂ ಕಪ್ಪು ಸೀಳುಗಳು, ಕಪ್ಪು ತೇಪೆಗಳು ಇವೆಯಲ್ಲ, ಅಲ್ಲಿ ನಕ್ಷತ್ರಗಳಿಲ್ಲ ಅಂತ ಅಲ್ಲ. ಅಲ್ಲಿ ಧೂಳು ಅಡ್ಡ ನಿಂತಿದೆ.

ನಮ್ಮ ಗೆಲಾಕ್ಸಿಯ ನಡುಭಾಗ ಅದೇ ದಿಕ್ಕಿನಲ್ಲಿದೆ, ಸುಮಾರು 26,000 ಜ್ಯೋತಿರ್ವರ್ಷ ದೂರ. ಅಲ್ಲಿಂದ ನಮ್ಮ ಕಡೆಗೆ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಇಲ್ಲಿಗೆ ಮುಟ್ಟುವುದು ಹೆಚ್ಚುಕಡಿಮೆ ಲಕ್ಷ ಕೋಟಿಗೆ ಒಂದು ಪಾಲು ಮಾತ್ರ. ಉಳಿದದ್ದನ್ನೆಲ್ಲ ದಾರಿಯ ಧೂಳೇ ತಡೆಯುತ್ತದೆ.

ನಮ್ಮ ಗೆಲಾಕ್ಸಿಯಲ್ಲೂ ಧೂಳಿದೆ ಅಂದ್ರಿ. ಮತ್ತೆ 'ಧೂಳು ತುಂಬಿದ ಗೆಲಾಕ್ಸಿ' ಅಂತ ಬೇರೆ ಯಾಕೆ ಕರೀತಾರೆ?

ಇಲ್ಲಿ ಎರಡು ಸಂಗತಿ ಸೇರಿವೆ. ಒಂದು, ಆ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ವಿಪರೀತ ವೇಗದಲ್ಲಿ ಹುಟ್ಟುತ್ತಿರುತ್ತವೆ. ನಮ್ಮ ಕ್ಷೀರಪಥದಲ್ಲಿ ವರ್ಷಕ್ಕೆ ಸೂರ್ಯನ ಒಂದೆರಡು ಪಟ್ಟು ತೂಕದಷ್ಟು ಹೊಸ ನಕ್ಷತ್ರ ಹುಟ್ಟಿದರೆ, ಅಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು, ಕೆಲವು ಕಡೆ ಸಾವಿರದಷ್ಟು. ಎರಡು, ಆ ನಕ್ಷತ್ರಗಳ ಬೆಳಕು ಹೊರಗೆ ಬರುವ ಮೊದಲೇ ಧೂಳು ಅದನ್ನು ಹೀರಿಬಿಡುತ್ತದೆ. ಹುಟ್ಟು ಜೋರಾಗಿರುವ ಕಡೆಯೇ ಧೂಳೂ ದಟ್ಟ. ಹಾಗಾಗಿ ಎಲ್ಲಿ ಅತಿ ಹೆಚ್ಚು ಬೆಳಕು ಹುಟ್ಟುತ್ತಿದೆಯೋ ಅಲ್ಲೇ ನಮ್ಮ ಕಣ್ಣಿಗೆ ಕತ್ತಲೆ.

ಧೂಳು ಬೆಳಕನ್ನ ಮುಚ್ಚಿಬಿಟ್ಟರೆ, ಒಳಗೆ ಏನೋ ಇದೆ ಅಂತ ಗೊತ್ತಾಗಿದ್ದು ಹೇಗೆ?

ಬೂದಿ ಮುಚ್ಚಿದ ಕೆಂಡ ಕಣ್ಣಿಗೆ ಕಾಣುವುದಿಲ್ಲ, ಕೈ ಹತ್ತಿರ ಒಯ್ದರೆ ಗೊತ್ತಾಗುತ್ತದೆ. ಇಲ್ಲೂ ಹಾಗೇ. ನಕ್ಷತ್ರದ ಬೆಳಕನ್ನು ಹೀರಿದ ಧೂಳು ಕೊಂಚ ಬಿಸಿಯಾಗುತ್ತದೆ, ಆ ಬಿಸಿಯನ್ನು ಇನ್ಫ್ರಾರೆಡ್ ಆಗಿ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣವಾಗಿ, ಹೊರಗೆ ಬಿಡುತ್ತದೆ. ಬಿಸಿ ಅಂದರೂ ನಮ್ಮ ಲೆಕ್ಕದಲ್ಲಿ ಕೊರೆಯುವ ಚಳಿಯೇ. ಸೊನ್ನೆಗಿಂತ 230-240 ಡಿಗ್ರಿ ಸೆಲ್ಸಿಯಸ್ ಕೆಳಗೆ.

1983ರಲ್ಲಿ ಹಾರಿದ ಐರಾಸ್ ಉಪಗ್ರಹ ಆಕಾಶವನ್ನು ಮೊದಲ ಸಲ ಇನ್ಫ್ರಾರೆಡ್‌ನಲ್ಲಿ ಜಾಲಾಡಿತು. ಕಣ್ಣಿನ ಬೆಳಕಿನಲ್ಲಿ ಸಾಧಾರಣವಾಗಿ ಕಾಣುತ್ತಿದ್ದ ಕೆಲವು ಗೆಲಾಕ್ಸಿಗಳು ಅದರಲ್ಲಿ ಉಜ್ವಲವಾಗಿ ಹೊಳೆದವು. 1989ರಲ್ಲಿ ಹಾರಿದ ಕೋಬೆ ಉಪಗ್ರಹದ ಅಳತೆಯಿಂದ ಇನ್ನೂ ದೊಡ್ಡ ವಿಷಯ ಹೊರಬಿತ್ತು. ವಿಶ್ವದ ಇಡೀ ಚರಿತ್ರೆಯಲ್ಲಿ ನಕ್ಷತ್ರಗಳು ಸುರಿದ ಬೆಳಕಿನಲ್ಲಿ ಸುಮಾರು ಅರ್ಧದಷ್ಟನ್ನು ಧೂಳು ಹೀರಿ ಇನ್ಫ್ರಾರೆಡ್ ಮಾಡಿಬಿಟ್ಟಿದೆ. ನನಗೆ ಈ ಇಡೀ ವಿಷಯದ ಜೀವಾಳ ಇದೇ. ಬರೀ ಕಣ್ಣಿನ ಬೆಳಕನ್ನು ನೆಚ್ಚಿಕೊಂಡು ಗೆಲಾಕ್ಸಿಗಳ ಕಥೆ ಬರೆದರೆ ಅರ್ಧ ಕಥೆ ಬಿಟ್ಟೇಹೋಗುತ್ತದೆ. ಅದೂ ದೈತ್ಯ ಗೆಲಾಕ್ಸಿಗಳು ಮೈಕಟ್ಟಿಕೊಂಡ ಅರ್ಧ.

ದೂರದ್ದನ್ನ ನೋಡಿದ್ರೆ ಹಳೇದನ್ನ ನೋಡಿದ ಹಾಗೆ ಅಂತೀರಲ್ಲ, ಯಾಕೆ?

ಬೆಳಕಿಗೂ ಬರಲು ಸಮಯ ಬೇಕು. ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ. 1,250 ಕೋಟಿ ವರ್ಷ ಪಯಣಿಸಿ ಬಂದ ಬೆಳಕು ತೋರಿಸುವುದು ಆ ಗೆಲಾಕ್ಸಿಯ ಆಗಿನ ರೂಪವನ್ನು. ಈ ಪುಟದಲ್ಲಿ 'ಆರಂಭದ ವಿಶ್ವ' ಎಂದರೆ ಬಹುಪಾಲು ಮೊದಲ 200 ಕೋಟಿ ವರ್ಷ.

## ನೋಡುವುದು ಹೇಗೆ?

ಹಬಲ್ ಬಾಹ್ಯಾಕಾಶ ಟೆಲಿಸ್ಕೋಪು ಅಷ್ಟು ದೂರ ನೋಡುತ್ತೆ ಅಂತಾರೆ. ಈ ಧೂಳಿನ ಗೆಲಾಕ್ಸಿಗಳು ಅದರ ಕಣ್ಣಿಗೆ ಬೀಳಲಿಲ್ವಾ?

ಕೆಲವು ಬಿದ್ದವು, ಕೆಲವು ಬೀಳಲೇ ಇಲ್ಲ. ಬೀಳದೆ ಹೋದ ಒಂದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1995ರ ಡಿಸೆಂಬರಿನಲ್ಲಿ ಹಬಲ್ ಟೆಲಿಸ್ಕೋಪನ್ನು ಸಪ್ತರ್ಷಿ ಮಂಡಲದ ಒಂದು ಖಾಲಿ ಜಾಗಕ್ಕೆ ಹತ್ತು ದಿನ ತಿರುಗಿಸಿ ಇಟ್ಟರು. ಏನೂ ಇಲ್ಲ ಅಂದುಕೊಂಡ ಆ ಚೂರು ಆಕಾಶದಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು. ಆ ಚಿತ್ರ ಲೋಕವನ್ನೇ ಸುತ್ತಿತು. ಮೂರು ವರ್ಷದೊಳಗೆ ಅದೇ ಜಾಗವನ್ನು ಹವಾಯಿಯ ಮೌನಾ ಕೇ ಪರ್ವತದ ಮೇಲಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಟೆಲಿಸ್ಕೋಪಿನಿಂದ ನೋಡಿದರು. ಅದರಲ್ಲಿದ್ದ ಸ್ಕೂಬಾ ಎಂಬ ಕ್ಯಾಮೆರಾ 850 ಮೈಕ್ರಾನ್ ಉದ್ದದ, ಅಂದರೆ ಮಿಲಿಮೀಟರಿಗೆ ಕೊಂಚ ಕಮ್ಮಿ ಉದ್ದದ ಅಲೆಗಳನ್ನು ಹಿಡಿಯುತ್ತಿತ್ತು. ಸಾವಿರಾರು ಗೆಲಾಕ್ಸಿಗಳಿದ್ದ ಜಾಗದಲ್ಲಿ ಅದಕ್ಕೆ ಕಂಡದ್ದು ಬೆರಳೆಣಿಕೆಯ ಚುಕ್ಕಿಗಳು. ಎಲ್ಲಕ್ಕಿಂತ ಪ್ರಖರವಾದದ್ದಕ್ಕೆ ಎಚ್‌ಡಿಎಫ್ 850.1 ಎಂದು ಹೆಸರಿಟ್ಟರು. ಹಬಲ್ ಚಿತ್ರದಲ್ಲಿ ಆ ಜಾಗದಲ್ಲಿ ಏನಿದೆ ಎಂದು ಹುಡುಕಿದರು. ಅದಕ್ಕೆ ಸರಿಹೊಂದುವ ಗೆಲಾಕ್ಸಿಯೇ ಇರಲಿಲ್ಲ.

ಆ ಚುಕ್ಕಿ ಎಷ್ಟು ದೂರದಲ್ಲಿದೆ ಎಂದು ತಿಳಿಯಲು 2012ರವರೆಗೆ ಕಾಯಬೇಕಾಯಿತು. ಅದರ ಅನಿಲದಲ್ಲಿದ್ದ ಇಂಗಾಲ ಮತ್ತು ಕಾರ್ಬನ್ ಮಾನಾಕ್ಸೈಡ್ ಸೂಸುವ ರೇಡಿಯೋ ಗೆರೆಗಳನ್ನು, ಅಂದರೆ ಅವು ಮಾತ್ರ ಸೂಸುವ ನಿಗದಿತ ಉದ್ದದ ಅಲೆಗಳನ್ನು, ಹಿಡಿದು ಲೆಕ್ಕ ಹಾಕಿದಾಗ ಗೊತ್ತಾಯಿತು: ನಾವು ನೋಡುತ್ತಿರುವುದು ಮಹಾಸ್ಫೋಟವಾಗಿ (ಬಿಗ್ ಬ್ಯಾಂಗ್, ಅಂದರೆ ವಿಶ್ವದ ಹುಟ್ಟು) ಸುಮಾರು 110 ಕೋಟಿ ವರ್ಷ ಕಳೆದಾಗಿನ ಗೆಲಾಕ್ಸಿಯನ್ನು. ಅಲ್ಲಿ ವರ್ಷಕ್ಕೆ ಸುಮಾರು 850 ಸೂರ್ಯರಷ್ಟು ನಕ್ಷತ್ರ ಹುಟ್ಟುತ್ತಿತ್ತು. ಆ ಇಡೀ ಚಿತ್ರದಲ್ಲಿ ಅಷ್ಟು ಜೋರಾಗಿ ನಕ್ಷತ್ರ ಹೆರುತ್ತಿದ್ದ ಗೆಲಾಕ್ಸಿ ಇನ್ನೊಂದು ಸಿಗುವುದು ಕಷ್ಟ. ಆದರೆ ಹಬಲ್ ಚಿತ್ರದಲ್ಲಿ ಆ ಗೆಲಾಕ್ಸಿಯೇ ಇರಲಿಲ್ಲ. ಕೊನೆಗೆ ಇನ್ಫ್ರಾರೆಡ್‌ನಲ್ಲಿ ನೋಡುವ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ಅದರ ನಕ್ಷತ್ರಗಳ ಬೆಳಕನ್ನೂ ಹಿಡಿಯಿತು. ಅದು ಎರಡು ಭಾಗವಾಗಿ ಕಂಡಿತು. ಸುತ್ತಮುತ್ತ ಅದೇ ಕಾಲದ ಇನ್ನೂ ಹಲವು ಗೆಲಾಕ್ಸಿಗಳು ಗುಂಪುಗೂಡಿದ್ದವು.

ದೂರ ಹೋದಷ್ಟೂ ಮಂಕಾಗಬೇಕು ಅಲ್ವಾ? ಇವು ಮಂಕಾಗಲ್ಲ ಅಂತ ಓದಿದೆ, ಅದು ಹೇಗೆ ಸಾಧ್ಯ?

ಓದಿದ್ದು ಸರಿ. ಧೂಳಿನ ಹೊಳಪು ಅತಿ ಹೆಚ್ಚಿರುವುದು 100 ಮೈಕ್ರಾನ್ ಆಸುಪಾಸಿನಲ್ಲಿ. ಹತ್ತಿರದ ಗೆಲಾಕ್ಸಿಯನ್ನು 850 ಮೈಕ್ರಾನಿನಲ್ಲಿ ನೋಡಿದರೆ ಆ ಹೊಳಪಿನ ಕ್ಷೀಣವಾದ ಅಂಚು ಮಾತ್ರ ಸಿಗುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಗೆಲಾಕ್ಸಿಯ ಅಲೆಗಳು ದಾರಿಯಲ್ಲಿ ಉದ್ದವಾಗುತ್ತವೆ. ಎಚ್‌ಡಿಎಫ್ 850.1ರ ವಿಷಯದಲ್ಲಿ ಆರು ಪಟ್ಟು ಉದ್ದವಾಗಿವೆ. 100 ಮೈಕ್ರಾನ್ ಇದ್ದದ್ದು 600ರ ಹತ್ತಿರ ಬಂತು. ಅಂದರೆ ಗೆಲಾಕ್ಸಿ ದೂರವಾದಷ್ಟೂ ಅದರ ಪ್ರಖರ ಭಾಗ ನಮ್ಮ ಉಪಕರಣದ ಕಿಟಕಿಗೆ ಸರಿದು ಬರುತ್ತದೆ. ದೂರದಿಂದಾಗುವ ನಷ್ಟವನ್ನು ಈ ಲಾಭ ತುಂಬಿಕೊಡುತ್ತದೆ. ಹಾಗಾಗಿ 800 ಕೋಟಿ ವರ್ಷ ಹಿಂದಿನದೂ 1,300 ಕೋಟಿ ವರ್ಷ ಹಿಂದಿನದೂ ಈ ಅಲೆಯಲ್ಲಿ ಹೆಚ್ಚುಕಡಿಮೆ ಒಂದೇ ಪ್ರಖರತೆಯಲ್ಲಿ ಕಾಣುತ್ತವೆ. ಖಗೋಳಶಾಸ್ತ್ರದಲ್ಲಿ ಇಂಥ ಅನುಕೂಲ ಬಹಳ ಅಪರೂಪ.

ನಂದಿಬೆಟ್ಟದ ಮೇಲೆ ಇಂಥದ್ದೊಂದು ಟೆಲಿಸ್ಕೋಪ್ ಇಡೋಕೆ ಆಗಲ್ವಾ?

ಆಗುವುದಿಲ್ಲ. ಮಿಲಿಮೀಟರಿಗಿಂತ ಚಿಕ್ಕ ಅಲೆಗಳನ್ನು ಗಾಳಿಯಲ್ಲಿರುವ ನೀರಿನ ಆವಿ ನುಂಗಿಹಾಕುತ್ತದೆ. ನಂದಿಬೆಟ್ಟದ ಎತ್ತರ ಸುಮಾರು 1,480 ಮೀಟರ್. ಬೆಳಗಿನ ಜಾವ ಜನ ಅಲ್ಲಿಗೆ ಹೋಗುವುದೇ ಮೋಡ ನೋಡೋಕೆ! ಈ ಕೆಲಸಕ್ಕೆ ಬೇಕಾದ್ದು ತೀರಾ ಎತ್ತರದ, ತೀರಾ ಒಣ ಜಾಗ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ 5,000 ಮೀಟರ್ ಎತ್ತರದಲ್ಲಿ ಆಲ್ಮಾ ಇದೆ. ಅದರಲ್ಲಿ 66 ಆಂಟೆನಾಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಉದ್ಘಾಟನೆಯಾದದ್ದು 2013ರಲ್ಲಿ. ದಕ್ಷಿಣ ಧ್ರುವದಲ್ಲೂ 10 ಮೀಟರ್ ಅಗಲದ ಒಂದು ಟೆಲಿಸ್ಕೋಪ್ ಇದೆ.

ನಮ್ಮ ದೇಶದಲ್ಲಿ ಲಡಾಖಿನ ಹಾನ್ಲೆ ಎತ್ತರದ ಒಣ ಜಾಗ, ಸುಮಾರು 4,500 ಮೀಟರ್. ಅಲ್ಲಿರುವ 2 ಮೀಟರ್ ಟೆಲಿಸ್ಕೋಪನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಕೋಲಾರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ಆ ಊರನ್ನು ದಾಟಿಯೇ ಹೋಗುತ್ತಾರೆ. ಆದರೆ ಅದು ಹಿಡಿಯುವುದು ಕಣ್ಣಿನ ಬೆಳಕು ಮತ್ತು ಅದರ ಪಕ್ಕದ ಇನ್ಫ್ರಾರೆಡ್.

ನಮ್ಮ ಗೌರಿಬಿದನೂರಿನ ಟೆಲಿಸ್ಕೋಪು ಇದೇ ಕೆಲಸ ಮಾಡುತ್ತಾ?

ಈ ಪ್ರಶ್ನೆ ಬರದ ಊರಿಲ್ಲ, ಬಂದಾಗಲೆಲ್ಲ ನನಗೆ ಖುಷಿ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ಶುರುವಾದದ್ದು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಎರಡೂ ಸೇರಿ. ಅಲ್ಲಿನ 'ಟಿ' ಆಕಾರದ ದೊಡ್ಡ ಆಂಟೆನಾ ಸಾಲು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಮಾಡಿತು. ಆ ಅಲೆಯ ಉದ್ದ ಎಂಟೂವರೆ ಮೀಟರಿಗೂ ಜಾಸ್ತಿ. ಧೂಳಿನ ಗೆಲಾಕ್ಸಿಗೆ ಬೇಕಾದ್ದು ಮಿಲಿಮೀಟರ್ ಅಲೆ. ಸೂರ್ಯನ ಮೇಲೆ ಕಣ್ಣಿಟ್ಟ ಆಂಟೆನಾಗಳೂ ಅಲ್ಲಿವೆ. ಹಾಗಾಗಿ ನೇರ ಉತ್ತರ, ಇಲ್ಲ.

ಆದರೆ ಆರಂಭದ ವಿಶ್ವವನ್ನು ಹುಡುಕುವ ಇನ್ನೊಂದು ಕೆಲಸ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಯೊಂದರಲ್ಲೇ ನಡೆದಿದೆ. ರಾಮನ್ ಸಂಶೋಧನಾ ಸಂಸ್ಥೆಯವರ 'ಸರಸ್ 3' ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯ ನೀರಿನ ಮೇಲೆ ತೇಲಿಬಿಟ್ಟಿದ್ದರು. ಆಮೇಲೆ ಶರಾವತಿ ಹಿನ್ನೀರಿನಲ್ಲೂ ತೇಲಿಸಿದರು. ನೀರೇ ಯಾಕೆ? ನೆಲದಡಿಯಲ್ಲಿ ಮಣ್ಣು, ಕಲ್ಲು, ತೇವ ಪದರ ಪದರವಾಗಿ ಇರುತ್ತವೆ. ಅವು ಒಂದೊಂದು ಅಲೆಯನ್ನು ಒಂದೊಂದು ಥರ ಹಿಂದಕ್ಕೆ ಎಸೆದು ಸೂಕ್ಷ್ಮ ಸಂಕೇತವನ್ನು ಕೆಡಿಸುತ್ತವೆ. ನೀರು ಎಲ್ಲ ಕಡೆ ಒಂದೇ ಸಮ. ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಬಿಟ್ಟ ಗುರುತು ಸಿಕ್ಕಿದೆ ಎಂದು 2018ರಲ್ಲಿ ಎಡ್ಜಸ್ ಎಂಬ ಪ್ರಯೋಗದವರು ಹೇಳಿದ್ದರು. 2022ರಲ್ಲಿ ಸರಸ್ 3 ತಂಡ, ನಮ್ಮ ಅಳತೆಯಲ್ಲಿ ಅದು ಇಲ್ಲ ಎಂದು ತೋರಿಸಿತು. ಧೂಳು ಹುಟ್ಟುವುದಕ್ಕೂ ಹಿಂದಿನ ಅಧ್ಯಾಯ ಅದು.

ಗೆಲಾಕ್ಸಿಯೇ ಲೆನ್ಸ್ ಆಗುತ್ತೆ ಅಂತಾರಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತಾ?

ಬಹಳ ಬರುತ್ತದೆ. ದೂರದ ಗೆಲಾಕ್ಸಿಗೂ ನಮಗೂ ನಡುವೆ ಇನ್ನೊಂದು ಭಾರಿ ಗೆಲಾಕ್ಸಿ ನೇರ ಸಾಲಿನಲ್ಲಿ ಬಂದರೆ ಅದರ ಗುರುತ್ವ ಹಿಂದಿನದರ ಬೆಳಕನ್ನು ಬಾಗಿಸಿ ಹೆಚ್ಚು ಪ್ರಖರ ಮಾಡುತ್ತದೆ. ದಕ್ಷಿಣ ಧ್ರುವದ ಟೆಲಿಸ್ಕೋಪ್ ಗುರುತಿಸಿದ ಪ್ರಖರ ಚುಕ್ಕಿಗಳನ್ನು ಆಲ್ಮಾದಿಂದ ನೋಡಿದಾಗ ಹಲವು ಉಂಗುರದಂತೆ, ಬಿಲ್ಲಿನಂತೆ ಬಾಗಿ ಕಂಡವು.

## ಇಷ್ಟು ಬೇಗ ಇಷ್ಟು ದೊಡ್ಡದಾದದ್ದು ಹೇಗೆ?

ವರ್ಷಕ್ಕೆ ಸಾವಿರ ಸೂರ್ಯ! ಅಷ್ಟು ಸರಕು ಎಲ್ಲಿಂದ ಬರುತ್ತೆ, ಎಷ್ಟು ದಿನ ಬರುತ್ತೆ?

ಸರಕು ಎಂದರೆ ತಣ್ಣನೆಯ ಹೈಡ್ರೋಜನ್ ಅನಿಲ. ಅದನ್ನು ನೇರವಾಗಿ ಅಳೆಯುವುದು ಕಷ್ಟ. ಜೊತೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ನ ಗೆರೆ ನೋಡಿ ಅಂದಾಜು ಮಾಡುತ್ತಾರೆ. ಒಂದು ಗೆಲಾಕ್ಸಿಯಲ್ಲಿ ಹತ್ತು ಸಾವಿರ ಕೋಟಿ ಸೂರ್ಯರಷ್ಟು ಅನಿಲ ಇದೆ ಎನ್ನಿ. ವರ್ಷಕ್ಕೆ ಸಾವಿರದಂತೆ ಖರ್ಚಾದರೆ ಹತ್ತು ಕೋಟಿ ವರ್ಷಕ್ಕೆ ಖಾಲಿ. ನಮ್ಮ ಸೂರ್ಯನಿಗೇ ಈಗ 460 ಕೋಟಿ ವರ್ಷ. ಅಂದರೆ ಈ ಅಬ್ಬರ ಗೆಲಾಕ್ಸಿಯ ಬಾಳಿನಲ್ಲಿ ಬಹಳ ಚಿಕ್ಕ ಹಂತ.

ಅಬ್ಬರ ಶುರುವಾಗುವುದು ಹೇಗೆ ಎಂಬುದರಲ್ಲಿ ಎರಡು ವಾದಗಳಿವೆ. ಅನಿಲ ತುಂಬಿದ ಎರಡು ಗೆಲಾಕ್ಸಿ ಡಿಕ್ಕಿಯಾಗಿ, ಅನಿಲವೆಲ್ಲ ನಡುಭಾಗಕ್ಕೆ ನುಗ್ಗಿ ಒತ್ತಡ ಹೆಚ್ಚುತ್ತದೆ ಎನ್ನುವುದು ಒಂದು. 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಇದಕ್ಕೆ ನಮ್ಮ ನೆರೆಯ ಉದಾಹರಣೆ. ಡಾರ್ಕ್ ಮ್ಯಾಟರಿನ (ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಗೊತ್ತಾಗುವ ದ್ರವ್ಯ) ಬಲೆಯ ಎಳೆಗಳ ಮೂಲಕ ತಣ್ಣನೆಯ ಅನಿಲ ಸತತವಾಗಿ ಹರಿದು ಬರುತ್ತದೆ, ಡಿಕ್ಕಿ ಬೇಕಿಲ್ಲ ಎನ್ನುವುದು ಇನ್ನೊಂದು. ಆಲ್ಮಾ ಚಿತ್ರಗಳಲ್ಲಿ ಹಲವು ಗೆಲಾಕ್ಸಿಗಳು ಶಿಸ್ತಾಗಿ ತಿರುಗುವ ತಟ್ಟೆಗಳಾಗಿ ಕಂಡಿವೆ. ಡಿಕ್ಕಿಯೊಂದೇ ಕಾರಣ ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ ಎಂದೇ ನನ್ನ ಅನಿಸಿಕೆ. ಅತಿ ಪ್ರಖರವಾದವುಗಳಿಗೆ ಡಿಕ್ಕಿ ಬೇಕಾಗಬಹುದು, ಉಳಿದವಕ್ಕೆ ಹರಿವೇ ಸಾಕು.

ಅನಿಲ ಮುಗಿದ ಮೇಲೆ ಆ ಗೆಲಾಕ್ಸಿ ಏನಾಗುತ್ತೆ?

ನಕ್ಷತ್ರ ಹುಟ್ಟುವುದು ನಿಲ್ಲುತ್ತದೆ. ಅನಿಲ ಖರ್ಚಾಗುವುದರ ಜೊತೆಗೆ, ನಡುವಿನ ದೈತ್ಯ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಸುತ್ತಲಿಂದ ಹೊಮ್ಮುವ ಶಕ್ತಿ ಉಳಿದ ಅನಿಲವನ್ನು ಬಿಸಿ ಮಾಡುತ್ತದೆ, ಹೊರಗೂ ತಳ್ಳುತ್ತದೆ. ನೀಲಿ ನಕ್ಷತ್ರಗಳು ಬೇಗ ಸಾಯುತ್ತವೆ. ಕೆಂಪು ಹಳೆಯ ನಕ್ಷತ್ರಗಳು ಉಳಿಯುತ್ತವೆ. ಈಗ ನಮ್ಮ ಹತ್ತಿರ ಕಾಣುವ ಕನ್ಯಾ ರಾಶಿಯ ಎಂ87ರಂಥ ಭಾರಿ ದುಂಡು ಗೆಲಾಕ್ಸಿಗಳ ಪೂರ್ವಿಕರು ಇಂಥವೇ ಎಂದು ನಂಬಲು ಒಳ್ಳೆಯ ಕಾರಣಗಳಿವೆ.

2017ರಲ್ಲಿ ಪ್ರಕಟವಾದ ಜ಼ಡ್‌ಎಫ್ 20115 ಎಂಬ ಗೆಲಾಕ್ಸಿ ಈ ಕೊಂಡಿಯನ್ನು ಗಟ್ಟಿ ಮಾಡಿತು. ಮಹಾಸ್ಫೋಟದ ನಂತರ 165 ಕೋಟಿ ವರ್ಷ ಆಗುವಷ್ಟರಲ್ಲಿ ಅದು ಕ್ಷೀರಪಥಕ್ಕಿಂತ ಹೆಚ್ಚು ನಕ್ಷತ್ರ ಕೂಡಿಸಿಕೊಂಡು, ಹೆರಿಗೆಯನ್ನೂ ನಿಲ್ಲಿಸಿ ಸುಮ್ಮನಾಗಿತ್ತು. ಅಷ್ಟು ಬೇಗ ಬೆಳೆಯಬೇಕಾದರೆ ಅದಕ್ಕೂ ಮೊದಲು ಭಾರಿ ಅಬ್ಬರದ ಕಾಲ ಇರಲೇಬೇಕಲ್ಲ? ಧೂಳಿನ ಗೆಲಾಕ್ಸಿಗಳು ಆ ಕಾಲದವು.

ಇಡೀ ಗುಂಪೇ ಹೀಗೆ ಬೆಳೆಯುವುದೂ ಉಂಟು. ಎಸ್‌ಪಿಟಿ 2349-56 ಎಂಬಲ್ಲಿ, ಮಹಾಸ್ಫೋಟದ 140 ಕೋಟಿ ವರ್ಷಕ್ಕೆ, ಕ್ಷೀರಪಥದ ಕೆಲವೇ ಪಟ್ಟು ಅಗಲದ ಜಾಗದಲ್ಲಿ 14 ಗೆಲಾಕ್ಸಿಗಳು ಒತ್ತೊತ್ತಾಗಿ ನಕ್ಷತ್ರ ಹೆರುತ್ತಿದ್ದವು. ಇದು 2018ರಲ್ಲಿ ಪ್ರಕಟವಾಯಿತು. ಈಗಿನ ದೊಡ್ಡ ಗೆಲಾಕ್ಸಿ ಗುಚ್ಛಗಳ ತಿರುಳು ಕಟ್ಟಿಕೊಳ್ಳುವುದು ಹೀಗೆ.

ಜೇಮ್ಸ್ ವೆಬ್ ಬಂದ ಮೇಲೆ ಬಿಗ್ ಬ್ಯಾಂಗ್ ಸುಳ್ಳು ಅಂತ ಗೊತ್ತಾಯ್ತಂತೆ, ಹೌದಾ?

ಇಲ್ಲ. ವೆಬ್‌ನ ಮೊದಲ ಚಿತ್ರಗಳಲ್ಲಿ ಕೆಲವು ಗೆಲಾಕ್ಸಿಗಳು ಆ ಕಾಲಕ್ಕೆ ಇರಬಾರದಷ್ಟು ಭಾರವಾಗಿ ಕಂಡವು. ಆಮೇಲೆ ಸರಿಯಾಗಿ ನೋಡಿದಾಗ ಕೆಲವುಗಳ ಬೆಳಕಿನಲ್ಲಿ ಒಂದು ಪಾಲು ಕಪ್ಪುಕುಳಿಯ ಸುತ್ತಲಿನದು ಎಂದು ತಿಳಿಯಿತು. ಅವುಗಳ ಭಾರದ ಅಂದಾಜು ಇಳಿಯಿತು. ಆದರೆ ಎಲ್ಲವೂ ಇಳಿಯಲಿಲ್ಲ. 2024ರ ನವೆಂಬರಿನಲ್ಲಿ 'ಕೆಂಪು ರಾಕ್ಷಸ'ರೆಂಬ ಅಡ್ಡಹೆಸರಿನ ಮೂರು ಧೂಳಿನ ಗೆಲಾಕ್ಸಿಗಳ ವರದಿ ಬಂತು. ಸಾಮಾನ್ಯವಾಗಿ ಗೆಲಾಕ್ಸಿಗೆ ಸಿಗುವ ಅನಿಲದಲ್ಲಿ ಹೆಚ್ಚೆಂದರೆ ಐದರಲ್ಲೊಂದು ಪಾಲು ನಕ್ಷತ್ರವಾಗುತ್ತದೆ. ಈ ಮೂರರಲ್ಲಿ ಸುಮಾರು ಅರ್ಧ ಆಗಿದೆ. ಅದು ಹೇಗೆ ಸಾಧ್ಯವಾಯಿತು ಎಂಬುದು ನಿಜವಾದ ಪ್ರಶ್ನೆ. ಅದು ಅನಿಲ ನಕ್ಷತ್ರವಾಗುವ ಬಗೆಯ ಪ್ರಶ್ನೆ, ವಿಶ್ವದ ಹುಟ್ಟಿನ ಪ್ರಶ್ನೆ ಅಲ್ಲ.

## ಆಳಕ್ಕೆ ಇಳಿಯುವವರಿಗೆ

ನಕ್ಷತ್ರ ಮುದಿಯಾದ ಮೇಲೆ ಧೂಳು ಅಂದ್ರಿ. ವಿಶ್ವವೇ ಚಿಕ್ಕ ವಯಸ್ಸಿನಲ್ಲಿದ್ದಾಗ ಮುದಿ ನಕ್ಷತ್ರ ಎಲ್ಲಿತ್ತು?

ಪಿಯುಸಿ ಹುಡುಗಿಯೊಬ್ಬಳ ಪ್ರಶ್ನೆ ಇದು. ಸಂಶೋಧಕರು ತಲೆಕೆಡಿಸಿಕೊಂಡಿರುವುದೂ ಇಲ್ಲೇ. ಸೂರ್ಯನಂಥ ನಕ್ಷತ್ರ ಮುದಿಯಾಗಲು ನೂರಾರು ಕೋಟಿ ವರ್ಷ ಬೇಕು. ಆದ್ದರಿಂದ ಆರಂಭದ ಧೂಳಿಗೆ ಮುಖ್ಯ ಮೂಲ ಸೂಪರ್‌ನೋವಾ, ಅಂದರೆ ನಕ್ಷತ್ರದ ಸಿಡಿತ, ಇರಬೇಕು. ಭಾರಿ ನಕ್ಷತ್ರಗಳು ಕೆಲವು ಕೋಟಿ ವರ್ಷದೊಳಗೇ ಸಿಡಿಯುತ್ತವೆ.

ಇದಕ್ಕೆ ಕೈಗೆಟುಕುವ ಸಾಕ್ಷಿ 1987ರ ಫೆಬ್ರವರಿಯಲ್ಲಿ ನೆರೆಯ ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾ 1987ಎ. ಹರ್ಷೆಲ್ ಎಂಬ ಇನ್ಫ್ರಾರೆಡ್ ಬಾಹ್ಯಾಕಾಶ ಟೆಲಿಸ್ಕೋಪ್ ನೋಡಿದಾಗ ಅಲ್ಲಿ ಸೂರ್ಯನ ತೂಕದ ಅರ್ಧದಷ್ಟು ಧೂಳು ಇರುವ ಅಂದಾಜು ಸಿಕ್ಕಿತು. ಅದು ಸಿಡಿತದ ತಿರುಳಿನಲ್ಲೇ ಹೊಸದಾಗಿ ಕಟ್ಟಿದ ಧೂಳು ಎಂದು ಆಲ್ಮಾ ತೋರಿಸಿತು. ಸಿಡಿತದ ಅಲೆ ಹಿಂದಕ್ಕೆ ಬಡಿದಾಗ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ಲೆಕ್ಕ ನಿಂತಿದೆ. ಕಮ್ಮಿ ಉಳಿದರೆ, ಕಣಗಳು ದಟ್ಟ ಅನಿಲದ ನಡುವೆ ಮತ್ತಷ್ಟು ಧಾತು ಅಂಟಿಸಿಕೊಂಡು ಬೆಳೆಯುತ್ತವೆ ಎಂದು ಒಪ್ಪಬೇಕಾಗುತ್ತದೆ. ಮಹಾಸ್ಫೋಟದ ಮೊದಲ ನೂರು ಕೋಟಿ ವರ್ಷದೊಳಗಿನ ಗೆಲಾಕ್ಸಿಯೊಂದರಲ್ಲಿ ಇಂಗಾಲದ ಧೂಳಿನ ಗುರುತು ವೆಬ್‌ಗೆ ಸಿಕ್ಕಿರುವುದು 2023ರಲ್ಲಿ ವರದಿಯಾಯಿತು.

ಒಂದು ಚುಕ್ಕಿ ಅಂದ್ರೆ ಒಂದೇ ಗೆಲಾಕ್ಸಿ ಅಂತ ಹೇಗೆ ನಂಬೋದು?

ನಂಬಬಾರದು. ಹವಾಯಿಯ ಮ್ಯಾಕ್ಸ್‌ವೆಲ್ ಟೆಲಿಸ್ಕೋಪಿನಂಥ 15 ಮೀಟರ್ ಅಗಲದ ಒಂಟಿ ತಟ್ಟೆಯ ದೃಷ್ಟಿ ಮಸುಕು. ಆಲ್ಮಾದ ಆಂಟೆನಾಗಳನ್ನು 16 ಕಿಲೋಮೀಟರ್‌ವರೆಗೆ ಹರಡಿ ನೋಡಬಹುದು, ಆಗ ಚಿತ್ರ ಚೂಪಾಗುತ್ತದೆ. ಹಾಗೆ ನೋಡಿದಾಗ ಹಳೆಯ ಪ್ರಖರ ಚುಕ್ಕಿಗಳಲ್ಲಿ ಹಲವು ಎರಡು-ಮೂರು ಗೆಲಾಕ್ಸಿಗಳಾಗಿ ಒಡೆದವು. 2013ರಲ್ಲಿ ಹರ್ಷೆಲ್ ನೆರವಿನಿಂದ ಸಿಕ್ಕ ಎಚ್‌ಎಫ್‌ಎಲ್‌ಎಸ್ 3 ವರ್ಷಕ್ಕೆ ಸುಮಾರು 2,900 ಸೂರ್ಯರಷ್ಟು ಹೆರುವ ಒಂದೇ ಗೆಲಾಕ್ಸಿ ಎಂದು ಹೆಸರಾಗಿತ್ತು. ವೆಬ್ ನೋಡಿದಾಗ ಅದು ಗೆಲಾಕ್ಸಿಗಳ ಇಕ್ಕಟ್ಟಾದ ಗುಂಪು.

ನಕ್ಷತ್ರ ಹುಟ್ಟುವ ವೇಗದ ಅಂಕಿ ಎಷ್ಟು ಗಟ್ಟಿ?

ಧೂಳಿನ ಬಿಸಿ ಅಳೆದು, ಅಷ್ಟು ಬಿಸಿ ಮಾಡಲು ಎಷ್ಟು ಭಾರಿ ನಕ್ಷತ್ರ ಬೇಕು ಎಂದು ಲೆಕ್ಕ ಹಾಕುತ್ತಾರೆ. ಹುಟ್ಟಿದ ನಕ್ಷತ್ರಗಳಲ್ಲಿ ಭಾರಿಯವು ಎಷ್ಟು, ಚಿಕ್ಕವು ಎಷ್ಟು ಎಂಬ ಅನುಪಾತವನ್ನು ನಮ್ಮ ಗೆಲಾಕ್ಸಿಯಿಂದ ಎರವಲು ತರುತ್ತಾರೆ. ಅಲ್ಲೇ ತೊಡಕು. 2018ರಲ್ಲಿ ಇಂಗಾಲ ಮತ್ತು ಆಮ್ಲಜನಕದ ಐಸೋಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಹೋಲಿಸಿದ ಅಧ್ಯಯನವೊಂದು, ಇಂಥ ಗೆಲಾಕ್ಸಿಗಳಲ್ಲಿ ಭಾರಿ ನಕ್ಷತ್ರಗಳ ಪಾಲು ಜಾಸ್ತಿ ಎಂದಿತು. ಅದು ಸರಿಯಾದರೆ ಒಟ್ಟು ವೇಗದ ಅಂಕಿ ಇಳಿಯುತ್ತದೆ. ಇಲ್ಲಿ ರೇಡಿಯೋ ಅಲೆಗಳೂ ನೆರವಿಗೆ ಬರುತ್ತವೆ. ಅವಕ್ಕೆ ಧೂಳು ಅಡ್ಡಿಯಲ್ಲ. ಪುಣೆ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ತಟ್ಟೆಗಳಿರುವ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ಇಂಥ ಅಳತೆಗೆ ತಕ್ಕದ್ದು.

ನನ್ನ ಮಗಳಿಗೆ ಇದನ್ನೇ ಓದಬೇಕು ಅಂತ ಆಸೆ. ಚಿಂತಾಮಣಿಯಲ್ಲಿ ಇದ್ದುಕೊಂಡು ಏನು ಮಾಡಬಹುದು?

ಭೌತಶಾಸ್ತ್ರ ಮತ್ತು ಗಣಿತ ಇರುವ ಬಿಎಸ್ಸಿ ಮಾಡಲಿ, ಜೊತೆಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲಿ. ಮುಂದೆ ಪಿಎಚ್‌ಡಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇವೆ. ಅಲ್ಲಿಯವರೆಗೂ ಕಾಯಬೇಕಿಲ್ಲ. ಆಲ್ಮಾ ಮತ್ತು ವೆಬ್ ತೆಗೆದ ದತ್ತಾಂಶ ಸಾಮಾನ್ಯವಾಗಿ ಒಂದು ವರ್ಷದೊಳಗೆ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಒಂದು ಲ್ಯಾಪ್‌ಟಾಪ್, ಸುಮಾರಾದ ಇಂಟರ್ನೆಟ್ ಇದ್ದರೆ ಇಳಿಸಿಕೊಳ್ಳಬಹುದು. ಮೊದಲು ವೆಬ್‌ನ ಒಂದೇ ಒಂದು ಚಿತ್ರ ತೆಗೆದುಕೊಂಡು, ಅದೇ ಜಾಗದ ಹಬಲ್ ಚಿತ್ರದ ಪಕ್ಕಕ್ಕೆ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಕೆಂಪು ಚುಕ್ಕಿಗಳನ್ನು ಗುರುತು ಹಾಕಲಿ.